ರಾಣಿಗೆ ಉಡಿಸಿದ ಬಿಳಿ ಸೀರೆ

ಆ ಸಿನಿಮಾ ನೋಡಿ ಬಂದು ಎರಡು ತಿಂಗಳಾಯಿತು. ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತದೆ. ಕೊಡಗಿನ ರಾಣಿಯೊಬ್ಬಳ ಕಥೆಯಂತೆ. ಜನ ತಪ್ಪು ತಿಳಿದುಕೊಂಡಿದ್ದ ರಾಣಿಗೆ ಕೊನೆಗೂ ನ್ಯಾಯ ಸಿಕ್ಕಿತಂತೆ. ಸಿಕ್ಕಿತು, ಬಿಡಿ! ನ್ಯಾಯ ಅಂದರೆ ಇದು ಅಂತ ಗೊತ್ತಿದ್ದರೆ ಆ ಪುಣ್ಯಾತ್ಗಿತ್ತಿ ಅನ್ಯಾಯವೇ ವಾಸಿ ಅನ್ನುತ್ತಿದ್ದಳು.

ನಾನು ಶನಿವಾರಸಂತೆ ಕಡೆಯವಳು, ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ರಾಣಿ ಪಾತ್ರದ ಹುಡುಗಿಗೆ ಕನ್ನಡ ಬಾರದು, ಮಾತು ತಿದ್ದಲು ಒಬ್ಬರು ಬೇಕು ಅಂತ ನನ್ನನ್ನು ಕರೆಸಿದ್ದರು. ಶೂಟಿಂಗ್ ನೆಲ್ಯಹುದಿಕೇರಿಯ ಹೊಳೆದಂಡೆಯಲ್ಲಿ. ಮಂಜು ಬಿಡುವ ಮೆಷಿನ್ ತಂದಿದ್ದರು. ಕೊಡಗಿಗೆ ಮಂಜು ಹೊತ್ತುಕೊಂಡು ಬಂದ ಮೊದಲ ಮನುಷ್ಯರು ಇವರೇ ಇರಬೇಕು. ಬೆಳಿಗ್ಗೆ ಹೊಳೆಯ ಮೇಲೆ ನಿಜವಾದ ಮಂಜು ಎದ್ದರೆ, ಇದು ಸರಿಯಾಗಿ ಕೂರುತ್ತಿಲ್ಲ ಅಂತ ಅದು ಕರಗುವ ತನಕ ಕಾದು, ಆಮೇಲೆ ತಮ್ಮದನ್ನು ಬಿಡುತ್ತಿದ್ದರು. ಕೊರಳಲ್ಲಿ ಲಿಂಗ ಕಟ್ಟಿದ ರಾಣಿಗೆ ಕೊಡವ ಹೆಂಗಸರ ಹಾಗೆ ನೆರಿಗೆಯನ್ನು ಬೆನ್ನಿಗೆ ಸಿಕ್ಕಿಸಿದ್ದರು. ಇದು ನಮ್ಮ ಲಿಂಗಾಯತರ ಉಡುಗೆ ಅಲ್ಲವಲ್ಲ ಅಂದರೆ, ‘ಮೇಡಂ, ಸ್ಟೈಲೈಸ್ ಮಾಡಿದೀವಿ’ ಅಂದ ನಿರ್ದೇಶಕ. ಆ ಒಂದು ಮಾತು ಅವನಿಗೆ ಎಲ್ಲ ರೋಗಕ್ಕೂ ಮದ್ದು.

ಅಷ್ಟಕ್ಕೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಅವನನ್ನು ನಾನೇ ನಮ್ಮ ಮನೆಗೆ ಕರೆದುಕೊಂಡು ಬಂದೆ. ಹಳೆಯ ಕಾಲದ ಹೆಂಗಸರ ಬದುಕು ತಿಳಿಯಬೇಕು ಅಂದಿದ್ದ. ಅವ್ವನಿಗೆ ಎಂಬತ್ತು ದಾಟಿದೆ, ನನ್ನ ಜೊತೆಯಲ್ಲೇ ಇದ್ದಾಳೆ.

ಅವನು ಜಗಲಿಯಲ್ಲಿ ನೋಟ್‌ಬುಕ್ ಬಿಚ್ಚಿಕೊಂಡು ಕೂತು ಅವ್ವನಿಗೆ ಕಥೆ ಹೇಳಿದ. ‘ರಾಜ ಸತ್ತ ಮೇಲೆ ರಾಣಿ ಸೇನಾಪತಿಯನ್ನ ಇಟ್ಟುಕೊಂಡಿದ್ದಳು ಅಂತ ಜನ ಆಡ್ಕೊಳ್ತಾರೆ ಅಮ್ಮ. ಆ ಕಳಂಕ ತೊಳೀಬೇಕು ಅಂತಲೇ ಈ ಸಿನಿಮಾ.’

ಅವ್ವ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದಳು. ‘ಇಟ್ಕಂಡಿದ್ಲು ಅಂತ ಯಾಕಂತೀರಪ್ಪ? ಉಡಿಕೆ ಆಗಿರ್ತಾಳೆ. ನಂಗೂ ಗಂಡ ಸತ್ ಮೇಲೆ ಸೀರೆ ಉಡಿಸಿದ್ರು.’

‘ಬಿಳಿ ಸೀರೆ ಅಲ್ವಾ ಅಮ್ಮ?’

‘ಬಿಳೀದ್ ಯಾಕ್ ಉಡಿಸ್ತಾರೆ? ಹಸ್ರು ಸೀರೆ. ಕೆಂಪಂಚಿಂದು.’

ಅವನು ನನ್ನ ಕಡೆ ನೋಡಿ ಮೆಲ್ಲಗೆ ನಕ್ಕ. ಪಾಪ, ವಯಸ್ಸಾಗಿದೆ, ಮರೆವು ಅನ್ನುವ ನಗು.

ಆಗ ನಾನು ಬಾಯಿ ಬಿಡಬೇಕಿತ್ತು. ಸೀರೆ ಉಡಿಕೆ ಅಂದರೆ ನಮ್ಮಲ್ಲಿ ಬಟ್ಟೆಯ ಮಾತಲ್ಲ. ಗಂಡ ಸತ್ತವಳಿಗೆ ಇನ್ನೊಬ್ಬ ಗಂಡಸು ಹೊಸ ಸೀರೆ ತಂದು ಉಡಿಸಿದರೆ ಅದೇ ಮದುವೆ. ಧಾರೆಯಿಲ್ಲ, ಓಲಗವಿಲ್ಲ, ಮುತ್ತೈದೆಯರು ಆ ಕಡೆ ತಲೆ ಹಾಕುವುದಿಲ್ಲ. ಸೀರೆ ಕೊಟ್ಟ ಗಂಡಸಿಗೆ ಅದರಿಂದ ಏನೂ ಕುಂದಿಲ್ಲ. ಉಟ್ಟವಳು ಮಾತ್ರ ಸಾಯುವ ತನಕ ಉಡಿಕೆಯವಳು, ಶುಭಕಾರ್ಯದಲ್ಲಿ ಮುಂದೆ ನಿಲ್ಲುವ ಹಾಗಿಲ್ಲ. ಅವ್ವನಿಗೆ ಹದಿನೆಂಟು ವರ್ಷಕ್ಕೆ ಮೊದಲ ಗಂಡ ಜ್ವರದಲ್ಲಿ ಸತ್ತ. ಎರಡು ವರ್ಷದ ಮೇಲೆ ಸೀರೆ ತಂದವನು ನಮ್ಮಪ್ಪ. ಚಿಕ್ಕವಳಿದ್ದಾಗ ಯಾರ ಮಗಳು ಅಂತ ಯಾರಾದರೂ ಕೇಳಿದರೆ, ಉಡಿಕೆಯವಳ ಮಗಳು ಅಂತ ನನ್ನ ಎದುರಿಗೇ ಹೇಳುತ್ತಿದ್ದರು.

ಇಷ್ಟನ್ನು ಹೇಳಲು ಎಷ್ಟು ಹೊತ್ತು ಬೇಕು? ಮೂವತ್ತು ವರ್ಷ ಮಕ್ಕಳಿಗೆ ಸಂಧಿ, ಸಮಾಸ ಬಿಡಿಸಿ ಹೇಳಿದ ನಾಲಿಗೆ ಈ ಒಂದು ಪದ ಬಿಡಿಸಲು ಏಳಲಿಲ್ಲ. ನಾಚಿಕೆ. ‘ಕಾಫಿ ಆರ್ತಾ ಇದೆ, ತಗೊಳ್ಳಿ’ ಅಂದುಬಿಟ್ಟೆ.

ಅವ್ವ ಮಾತ್ರ ಎಲ್ಲವನ್ನೂ ಹೇಳಿದಳು, ನನಗೂ ಹೇಳಿರದಿದ್ದದ್ದನ್ನೆಲ್ಲ. ಸೀರೆ ಉಟ್ಟು ಹೊಸ್ತಿಲು ದಾಟುವಾಗ ಬಾಗಿಲ ಚೌಕಟ್ಟು ಹಿಡಿದುಕೊಂಡದ್ದು. ಅಪ್ಪ ‘ಹೆದರ್ಕಬೇಡ’ ಅಂದದ್ದು. ನಿರ್ದೇಶಕ ಹೋದ ಮೇಲೆ ನನಗಂದಳು, ‘ನಾನು ಇರೋವಾಗ್ಲೇ ತೆರೆ ಮೇಲೆ ಬಂದುಬಿಡ್ಲಿ ಕಣೇ. ನಮ್ಮೋರೆಲ್ಲ ನೋಡ್ಲಿ. ರಾಣಿನೇ ಉಡಿಕೆ ಮಾಡ್ಕಂಡಿದ್ಲು ಅಂದ್ ಮೇಲೆ ನಂದೇನ್ ತಪ್ಪು ಅಂತಾರೆ?’ ಬಿಡುಗಡೆಯ ದಿನವನ್ನು ವಾರಕ್ಕೆರಡು ಸಲ ಕೇಳುತ್ತಿದ್ದಳು.

ಕುಶಾಲನಗರದಲ್ಲಿ ಮ್ಯಾಟಿನಿ. ಅವ್ವ ತನ್ನ ತಂಗಿಯನ್ನು, ಅಂದರೆ ನಮ್ಮ ಚಿಕ್ಕಮ್ಮನನ್ನು, ಹಟ ಮಾಡಿ ಕರೆಸಿಕೊಂಡಿದ್ದಳು. ಚಿಕ್ಕಮ್ಮ ಮುತ್ತೈದೆ, ಊರಿನ ಶುಭಕಾರ್ಯಗಳಿಗೆಲ್ಲ ಅವಳೇ ಯಜಮಾನಿ. ಅಕ್ಕನ ಉಡಿಕೆಯ ಮಾತು ಅವಳ ಬಾಯಲ್ಲಿ ಒಮ್ಮೆಯೂ ಬಂದದ್ದಿಲ್ಲ, ಅವಳ ಮನೆಯ ಮದುವೆಗಳಲ್ಲಿ ಅಕ್ಕ ಮುಂದಿನ ಸಾಲಿಗೆ ಬಂದದ್ದೂ ಇಲ್ಲ. ಅವ್ವ ಅವಳನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು.

ಇಂಟರ್‌ವಲ್‌ಗೆ ಸ್ವಲ್ಪ ಮುಂಚೆ ರಾಜ ಸತ್ತ. ‘ಈಗ ನೋಡು’ ಅಂತ ಅವ್ವ ತಂಗಿಯ ಕೈ ಹಿಡಿದಳು. ಹನ್ನೆರಡು ಜನ ದಾಸಿಯರು ಬಂದರು. ಮೆಷಿನ್ ಮಂಜಿನ ನಡುವೆ, ನಿಧಾನವಾಗಿ ಸುತ್ತಿ ಸುತ್ತಿ, ಹಾಡಿನ ಜೊತೆ, ರಾಣಿಗೆ ಸೀರೆ ಉಡಿಸಿದರು. ಬಿಳಿ ಸೀರೆ. ಅವ್ವನ ಇಡೀ ಬದುಕನ್ನು ಒಂದು ಪದದ ಮೇಲೆ ಮಗುಚಿ ಹಾಕಿದ್ದರು. ಮದುವೆಯ ಸೀರೆಯನ್ನು ವಿಧವೆಯ ಸೀರೆ ಮಾಡಿ, ಅದಕ್ಕೊಂದು ರಾಗ ಬೇರೆ!

ಹೊರಗೆ ಹೋಗಿ ನಿರ್ದೇಶಕನಿಗೆ ಫೋನ್ ಮಾಡಿದೆ. ಖುಷಿಯಾಗಿದ್ದ. ‘ನೋಡಿದ್ರಾ ಮೇಡಂ? ಆ ಸೀರೆ ಸೀನ್ ನಿಮ್ಮ ತಾಯಿಯವರದ್ದೇ. ಕ್ಲೈಮ್ಯಾಕ್ಸ್ ನೋಡಿ, ಅಳ್ತೀರಾ.’ ನಿನ್ನ ತಲೆ ಅಂದು ಫೋನಿಟ್ಟೆ. ಒಳಗೆ ಬಂದು ‘ಹೋಗಣ ಬಾ ಅವ್ವ’ ಅಂದೆ. ಅವಳು ಏಳಲಿಲ್ಲ. ‘ಇರು. ಅವಳ ಗತಿ ಏನಾಯ್ತು ನೋಡ್ಬೇಕು’ ಅಂದಳು.

ಅವಳ ಗತಿ ಏನಾಯಿತೆಂದರೆ, ಬೆಂಕಿಗೆ ಹೋದಳು. ಸೇನಾಪತಿ ಕೈ ಚಾಚುತ್ತಾನೆ, ರಾಣಿ ಕೈಮುಗಿದು ಚಿತೆ ಹತ್ತುತ್ತಾಳೆ. ಕೊರಳಲ್ಲಿ ಲಿಂಗ! ನಮ್ಮಲ್ಲಿ ಸತ್ತವರನ್ನೇ ಸುಡುವುದಿಲ್ಲ. ಲಿಂಗವನ್ನು ಅಂಗೈಗಿಟ್ಟು, ಕೂರಿಸಿ, ಮಣ್ಣಿಗಿಡುತ್ತೇವೆ. ಮಡಿಕೇರಿಗೆ ಹೋಗಿ ರಾಜರನ್ನು ಮಣ್ಣು ಮಾಡಿದ ಗದ್ದಿಗೆಯನ್ನು ಒಂದು ಸಲ ನೋಡಿದ್ದರೂ ಸಾಕಿತ್ತು. ಹೆಣವನ್ನೂ ಸುಡದ ಜನರ ರಾಣಿಯನ್ನು ಜೀವಂತ ಸುಟ್ಟು, ಅದಕ್ಕೆ ಕಳಂಕ ತೊಳೆಯುವುದು ಅಂತ ಹೆಸರಿಟ್ಟರು. ಜನ ಚಪ್ಪಾಳೆ ಹೊಡೆದರು. ನನ್ನ ಹಿಂದಿನ ಸಾಲಿನಲ್ಲಿ ನಾಲ್ಕು ಹೆಂಗಸರು ಬಿಕ್ಕಿ ಬಿಕ್ಕಿ ಅತ್ತರು.

ಹೊರಗೆ ಬಿಸಿಲು. ಚಿಕ್ಕಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ‘ಹೆಣ್ಣು ಅಂದ್ರೆ ಹಂಗಿರ್ಬೇಕು’ ಅಂದಳು.

ಅವ್ವ ಮೆಟ್ಟಿಲ ಮೇಲೆ ನಿಂತುಬಿಟ್ಟಳು. ‘ನಾನು ಬೆಂಕಿಗೆ ಹೋಗ್ಲಿಲ್ಲ ಅಂತಾನಾ ನೀವೆಲ್ಲ ಇಷ್ಟು ವರ್ಷ ನನ್ನ ಮೇಲೆ ಮುನಿಸ್ಕಂಡಿದ್ದು?’

ದನಿ ಎತ್ತಲಿಲ್ಲ. ಚಿಕ್ಕಮ್ಮನ ಮುಖ ಕಪ್ಪಿಟ್ಟಿತು. ಅಯ್ಯೋ, ಸಿನಿಮಾ ಮಾತು ಕಣಕ್ಕ ಅಂತ ತೊದಲಿದಳು. ನನಗೆ ತಡೆಯಲಾಗಲಿಲ್ಲ. ಒಡಹುಟ್ಟಿದವಳನ್ನು ಹಿಂದಿನ ಸಾಲಿಗೆ ತಳ್ಳಿದವಳು ನೀನು, ಇವತ್ತು ಬೊಂಬೆ ಸುಟ್ಟರೆ ಕಣ್ಣೀರು ಹಾಕುತ್ತೀಯಾ ಅಂತ ಚಿಕ್ಕಮ್ಮನ ಮೇಲೆ ಹರಿಹಾಯ್ದೆ. ಟಿಕೆಟ್ ಕೌಂಟರಿನವರೆಲ್ಲ ತಿರುಗಿ ನೋಡಿದರು. ಎರಡು ಗಂಟೆಯ ಸಿಟ್ಟನ್ನೆಲ್ಲ ಅವಳ ಮೇಲೆ ಸುರಿದೆ.

ಅವ್ವ ನನ್ನ ತೋಳು ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

‘ನೀನು ಸುಮ್ಕಿರು. ನಿನ್ನ ಮಗಳ ಧಾರೆ ಹೊತ್ತಲ್ಲಿ, ಬೀಗರು ಏನಂತಾರೋ, ಒಳಗಿರವ್ವ ಅಂತ ನನ್ನ ಅಡಿಗೆ ಕೋಣೇಲಿ ಕೂರ್ಸಿ ಬಾಗ್ಲು ಮುಂದ್ ಮಾಡ್ದೋಳು ಯಾರು?’

ನಾನು. ಬಾಗಿಲು ಮುಂದೆ ಮಾಡಿದವಳು ನಾನೇ.