ಹೊಸಬರ ಕೈ

ನಮ್ಮ ನಾಯಿಯನ್ನು ಮೊದಲ ಸಲ ಶ್ವಾನ ಪ್ರದರ್ಶನದ ರಿಂಗಿನಿಂದ ಹೊರಗೆ ಕಳಿಸಿದ್ದು ಬೆಳಗಾವಿಯಲ್ಲಿ ಎಂದು ನನ್ನ ನೆನಪು. ಹೆಂಡತಿ ಕೊಲ್ಲಾಪುರ ಎನ್ನುತ್ತಾಳೆ. ಎರಡೂ ಊರಿನ ಮೈದಾನಗಳು ನನ್ನ ತಲೆಯಲ್ಲಿ ಕಲಸಿಹೋಗಿವೆ: ಅದೇ ಶಾಮಿಯಾನ, ಅದೇ ಸುಣ್ಣದ ಗೆರೆ, ಮೇಜಿನ ಮೇಲೆ ನಾಯಿ ನಿಲ್ಲಿಸಿ ಕೂದಲು ಬಾಚುವ ಅದೇ ಜನ. ಮನಸ್ಸು ನೆನಪನ್ನು ಹೊರತೆಗೆದಾಗಲೆಲ್ಲ ಹೊಸದಾಗಿ ಕಟ್ಟುತ್ತದೆ ಎಂದು ಧಾರವಾಡದಲ್ಲಿ ಮನಃಶಾಸ್ತ್ರದ ಎಂ.ಎ. ಓದುವಾಗ ಕಲಿತೆ. ಕಲಿತು ಆದ ಲಾಭವೇನೆಂದರೆ, ಮನೆಯಲ್ಲಿ ಯಾವ ವಾದದಲ್ಲೂ ಗೆದ್ದಿಲ್ಲ.

ಆದದ್ದೇನು ಎಂಬುದರಲ್ಲಿ ಮಾತ್ರ ನಮ್ಮಿಬ್ಬರಿಗೆ ತಕರಾರಿಲ್ಲ. ಜಡ್ಜ್ ಹಲ್ಲು ನೋಡಲು ಕೈ ಚಾಚಿದರು. ನಾಯಿ ಹಿಂದಕ್ಕೆ ಸರಿದು ಹಗ್ಗ ಜಗ್ಗಿತು. ಮತ್ತೆ ಚಾಚಿದರು, ಗುರ್ ಎಂದಿತು. ಅಲ್ಲಿಗೆ ಮುಗಿಯಿತು. ಮುಂದಿನ ಶೋದಲ್ಲೂ ಅಷ್ಟೇ.

ಅದು ಮುಧೋಳ ನಾಯಿ, ಹೆಣ್ಣು, ಹಾಲುಬಣ್ಣದ್ದು. ಹೆಂಡತಿಯ ತವರು ಯಾವಗಲ್. ಅಲ್ಲಿ ಅವಳ ಅಪ್ಪ ಬೆಳೆಸಿಕೊಂಡು ಬಂದ ತಳಿಯ ಸಾಲಿನಲ್ಲಿ ಉಳಿದದ್ದು ಇದೊಂದೇ. ಒಂದು ಚಾಂಪಿಯನ್ ಪದವಿ ಬಂದರೆ ಒಳ್ಳೆಯ ಗಂಡುನಾಯಿ ಇರುವವರು ತಾವಾಗಿಯೇ ಜೋಡಿಗೆ ಒಪ್ಪುತ್ತಾರೆ, ಮರಿಗಳು ಕಾಳಜಿ ಇರುವವರ ಮನೆ ಸೇರುತ್ತವೆ, ಅಪ್ಪನ ಸಾಲು ಉಳಿಯುತ್ತದೆ ಎಂಬುದು ಅವಳ ಲೆಕ್ಕ. ರಿಂಗಿನಲ್ಲಿ ಹಗ್ಗ ಹಿಡಿದು ಓಡುವವಳು ಅವಳು. ನಾನು ಗಾಡಿ ಓಡಿಸುವವನು, ನೀರು ತುಂಬುವವನು, ನೆರಳು ಹುಡುಕುವವನು. ಹೊಸ ಊರಿಗೆ ಹೋಗುವಾಗಿನ ಹುರುಪು ನನ್ನಲ್ಲಿ ಎರಡನೇ ಪ್ರಯಾಣಕ್ಕೇ ಸತ್ತಿತ್ತು. ಕಾಲೇಜಿನಲ್ಲಿ ಸೋಮವಾರ ಪಾಠ ಮಾಡುವಾಗ ಕಿವಿಯಲ್ಲಿ ಇನ್ನೂ ನಾಯಿ ಬೊಗಳುವ ಸದ್ದು ಇರುತ್ತಿತ್ತು.

"ಹೊಸಬರ ಕೈ ರೂಢಿ ಮಾಡಸ್ಬೇಕ್ರಿ," ಎಂದಳು ಹೆಂಡತಿ. "ಮುಟ್ಟಿದವ್ರ ಕೈಯಾಗಿಂದ ರೊಟ್ಟಿ ಚೂರು ಕೊಡ್ಸೋಣು. ಹೊಸಬರು ಅಂದ್ರ ರೊಟ್ಟಿ ಅಂತ ತಿಳೀಲಿ."

ಪುಸ್ತಕದಲ್ಲಿ ಓದಿದ ಪ್ರಯೋಗದಂತೆಯೇ ಇತ್ತು, ಒಪ್ಪಿದೆ. ನಾವಿರುವ ರೋಣದ ಬಸ್ ಸ್ಟ್ಯಾಂಡಿನಲ್ಲಿ ಶುರು ಮಾಡಿದೆವು. ಒಣಗಿಸಿದ ಕಟಕ ರೊಟ್ಟಿಯ ಚೂರುಗಳ ಡಬ್ಬಿ ನನ್ನ ಕೈಯಲ್ಲಿ. ಅವಳು ಬಸ್ಸಿಗೆ ಕಾದವರ ಹತ್ತಿರ ಹೋಗಿ, "ಸ್ವಲ್ಪ ಮುಟ್ರಿ, ಏನೂ ಮಾಡಂಗಿಲ್ಲ," ಎನ್ನುವಳು. ಮೊದಮೊದಲು ನಾಯಿ ನಡುಗುತ್ತಿತ್ತು. ಬೆನ್ನು ಮುಟ್ಟಿಸಿಕೊಂಡಿತು, ಆಮೇಲೆ ಕಿವಿ, ಆಮೇಲೆ ತುಟಿ.

ತೊಂದರೆ ಬಂದದ್ದು ನಾವು ಎಣಿಸದ ಕಡೆಯಿಂದ. ರೋಣದಲ್ಲಿ ಹೊಸಬರು ಮುಗಿದುಹೋದರು. ಕಂಡಕ್ಟರುಗಳು ಬಸ್ಸಿನಿಂದ ಇಳಿಯುವ ಮೊದಲೇ ನಾಯಿಗೆ ಶಿಳ್ಳೆ ಹಾಕತೊಡಗಿದರು. ಚುರುಮುರಿ ಮಾರುವ ಮುದುಕಿ ದಿನವೂ ಅದರ ಹಲ್ಲು ನೋಡಿ ರೊಟ್ಟಿ ಕೊಡುತ್ತಿದ್ದಳು. "ನಮ್ಮ ಮನಿಯವ್ರನ್ನೂ ನಾಕ್ ದಿನ ನಿಮ್ಮ ಕಡೆ ಬಿಡ್ಲೇನ್ ಬಾಯಾರ? ಯಾರ್ ಬಂದ್ರೂ ಗುರ್ ಅಂತಾರ," ಎಂದು ನನ್ನ ಹೆಂಡತಿಗೆ ಹೇಳಿದಳು.

ಹೀಗಾಗಿ ಹೊಸಬರನ್ನು ಹುಡುಕಿಕೊಂಡು ಊರೂರು ತಿರುಗಿದೆವು. ರಜೆ ಇದ್ದರೆ ನರಗುಂದ, ಸಂತೆ ಇದ್ದರೆ ಗಜೇಂದ್ರಗಡ. ಪ್ರಯಾಣವೆಂದರೆ ದೂರದ ಶೋಗಳಲ್ಲ, ಈ ಸಂತೆಗಳೇ ಆದವು. ಗಜೇಂದ್ರಗಡದಲ್ಲಿ ದನದ ವ್ಯಾಪಾರಿ ಸಾಹೇಬರೊಬ್ಬರು ಸಿಕ್ಕರು. ಹಲ್ಲು ನೋಡಿ ಎಂದರೆ ಉಳಿದವರು ಹಿಂಜರಿಯುತ್ತಿದ್ದರು, ಇವರು ಎತ್ತಿನ ಬಾಯಿ ತೆರೆದಂತೆ ತೆರೆದೇ ಬಿಟ್ಟರು. ನಾಯಿ ಅಲುಗಲಿಲ್ಲ.

"ಬಾಯ್ತುಂಬ ಹಲ್ಲ ಅದಾವ್ರಿ ಅಕ್ಕಾರ," ಎಂದರು ಸಾಹೇಬರು. "ನೊಗಾ ಹೂಡ್ರಿ, ಹೊಲದಾಗ ಗಳೇಕ್ ಚಲೋ ಬರ್ತೈತಿ."

ಸುತ್ತ ನಿಂತವರು ನಕ್ಕರು. ಹೆಂಡತಿಯೂ ನಕ್ಕಳು. ಆ ವರ್ಷ ಅವಳು ಅಷ್ಟು ಮನಸಾರೆ ನಕ್ಕದ್ದು ನನಗೆ ಬೇರೆ ನೆನಪಿಲ್ಲ. ನಕ್ಕಿರಲೂಬಹುದು.

ಹುಬ್ಬಳ್ಳಿಯ ಶೋ ಬಂತು. ನಮ್ಮ ತಳಿಯ ಸರದಿ ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಜಡ್ಜ್ ದಕ್ಷಿಣದ ಕಡೆಯವರು, ವಯಸ್ಸಾದವರು. ಮುಧೋಳ ನಾಯಿಗಳ ಸಾಲಿನ ಮುಂದೆ ಬಂದವರೇ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

"ಈ ತಳೀನ ನಾನು ಮುಟ್ಟೋದಿಲ್ಲಮ್ಮ. ಹಲ್ಲು ನೀವೇ ತೋರ್ಸಿ."

ಹೆಂಡತಿ ತುಟಿ ಎತ್ತಿ ತೋರಿಸಿದಳು. ಅಷ್ಟೂ ಸಂತೆ, ಅಷ್ಟೂ ಬಸ್ ಸ್ಟ್ಯಾಂಡು ಆ ಒಂದು ಮಾತಿನಲ್ಲಿ ವ್ಯರ್ಥವಾದವು. ಆದರೂ ಪರವಾಗಿಲ್ಲ, ಕೆಟ್ಟದ್ದಂತೂ ಆಗಲಿಲ್ಲವಲ್ಲ ಎಂದು ಗೆರೆಯ ಆಚೆ ನಿಂತು ಅಂದುಕೊಂಡೆ. ಅಷ್ಟರಲ್ಲಿ ನಾಯಿ ನಿಂತ ನಿಲುವು ಬಿಟ್ಟು ಮುಂದೆ ಬಂತು. ಹೊಸ ಮನುಷ್ಯ ಬಂದಿದ್ದಾನೆ, ರೊಟ್ಟಿ ಎಲ್ಲಿ? ಜಡ್ಜರ ಬೆನ್ನ ಹಿಂದೆ ಸುತ್ತಿಹೋಗಿ, ಕಟ್ಟಿಕೊಂಡ ಕೈಗಳ ನಡುವೆ ಮೂತಿ ತೂರಿಸಿತು. ಜನ ಚಪ್ಪಾಳೆ ತಟ್ಟಿದರು. ಹೆಂಡತಿಯ ಮುಖ ಕಪ್ಪಿಟ್ಟಿತು.

ಜಡ್ಜ್ ಸಿಟ್ಟಾಗಲಿಲ್ಲ. ಬಹುಮಾನವನ್ನು ಯಾರತ್ತಲೂ ನೋಡದೆ ನಿಂತಿದ್ದ ಕಂದು ಬಣ್ಣದ ಗಂಡುನಾಯಿಗೆ ಕೊಟ್ಟು, ಹೋಗುವಾಗ ನಮ್ಮ ಹತ್ತಿರ ನಿಂತರು. "ಮೈಕಟ್ಟು ಇದರದ್ದೇ ಚೆನ್ನಾಗಿದೆ. ಆದ್ರೆ ಮುಧೋಳ ಅಂದ್ಮೇಲೆ ಹೊಸಬರಿಂದ ದೂರ ಇರ್ಬೇಕಮ್ಮ. ಆ ಗುಣಾನೇ ಇದ್ರಲ್ಲಿಲ್ಲ."

ನವಲಗುಂದ ದಾಟಿದೆವು. ನಾಯಿ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿತ್ತು.

"ಮುಟ್ಟಿಸ್ಗೊಳ್ಲಿಲ್ಲ ಅಂತ ಹೊರಗ್ ಹಾಕಿದ್ರು. ಮುಟ್ಟಿಸ್ಗೋತೈತಿ ಅಂತ ಹಿಂದ್ ಹಾಕಿದ್ರು," ಎಂದಳು ಹೆಂಡತಿ. ಹಿಂದಕ್ಕೆ ತಿರುಗಿ ನೋಡಿ, "ಮರಿ ಇದ್ದಾಗ ಹ್ಯಾಂಗಿತ್ರಿ ಇದು? ನಿಮಗ ನೆನಪೈತೇನು?"

ನನಗೊಂದು ಚಿತ್ರ ಕಂಡಿತು. ಯಾವಗಲ್ಲಿನ ಹಿತ್ತಲು. ಉಳಿದ ಮರಿಗಳು ನನ್ನ ಕಾಲಿಗೆ ಬೀಳುತ್ತಿವೆ. ಇದೊಂದು ಜೋಳದ ಕಣಕಿ ಬಣವೆಯ ನೆರಳಿನಲ್ಲಿ ನಿಂತು ನನ್ನನ್ನು ನೋಡುತ್ತಿದೆ, ಕೈ ಚಾಚಿದರೆ ಮುಖ ತಿರುಗಿಸುತ್ತಿದೆ. ತುಂಬ ಸ್ಪಷ್ಟವಾದ ಚಿತ್ರ. ಅಷ್ಟು ಸ್ಪಷ್ಟವಾದದ್ದೇ ಅನುಮಾನಕ್ಕೆ ಕಾರಣ. ಜಡ್ಜರ ಮಾತು ಕೇಳಿದ ಮೇಲೆ ಮನಸ್ಸೇ ಬಣವೆ ತಂದು ನಿಲ್ಲಿಸಿರಬಹುದು.

"ದೂರ ನಿಲ್ತಿತ್ತು ಅಂತ ನೆನಪು," ಎಂದೆ.

"ಖರೇನ?"

"ಖರೇ ಅಂತ ಹ್ಯಾಂಗ್ ಹೇಳ್ಲಿ. ನೆನಪು ಅಂದ್ರ..."

"ಸಾಕ್ರಿ. ಒಂದ್ ಮಾತರ ಗಟ್ಟಿ ಹೇಳ್ರಿ. ಹುಟ್ಟುಗುಣ ಹಂಗಿದ್ರ ಮರಿಗೆ ಬರ್ತೈತಿ. ನಾವು ಕೆಡ್ಸಿದ್ದು ಇದರ ಕೂಡ ಹೋಗ್ತೈತಿ. ನನಗ ಅಷ್ಟ ಗೊತ್ತಾಗ್ಬೇಕು."

ಅವಳಿಗೆ ಬೇಕಾದದ್ದು ಪದವಿಯಲ್ಲ ಎಂದು ಆಗ ತಿಳಿಯಿತು. ನಾವಿಬ್ಬರೂ ಸೇರಿ ಅಪ್ಪನ ಸಾಲನ್ನು ಹಾಳುಮಾಡಿಲ್ಲ ಎಂಬ ಒಂದು ಭರವಸೆ. "ದೂರ ನಿಲ್ತಿತ್ತು," ಎಂದೆ, ಈ ಸಲ ಗಟ್ಟಿಯಾಗಿ. ಅದು ನೆನಪೋ, ದಣಿವೋ, ಇವತ್ತಿಗೂ ಹೇಳಲಾರೆ.

"ಹಂಗಾರ ಇನ್ನ ಶೋ ಬ್ಯಾಡ್ರಿ," ಎಂದಳು. "ಜೋಡಿ ನಾನ ಹುಡುಕ್ತೀನಿ."

ನರಗುಂದದಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಅಂಗಡಿಯವನು ಕಪ್ಪು ಕೊಟ್ಟು, ತೆರೆದ ಕಿಟಕಿಯತ್ತ ಕೈ ಮಾಡಿದ. "ಭಾಳ ಚಂದ ಐತ್ರಿ ನಾಯಿ."

"ಮುಟ್ಟಬ್ಯಾಡ್ರಿ," ಎಂದಳು ಹೆಂಡತಿ.

"ಕಡೀತೈತೇನ್ರಿ?"

"ಹೂಂ. ಕಡೀತೈತಿ."

ನಾಯಿ ಕಿಟಕಿಯಿಂದ ಕತ್ತು ಹೊರಹಾಕಿ ಅವನ ಕೈಗಾಗಿ ಮೂತಿ ನೀಡಿತ್ತು, ಬಾಲ ಸೀಟಿಗೆ ಪಟಪಟ ಬಡಿಯುತ್ತಿತ್ತು. ಅಂಗಡಿಯವನು ಬಾಲ ನೋಡಿದ, ನನ್ನ ಮುಖ ನೋಡಿದ. ನಾನು ಚಹಾ ಆರಿಸಿಕೊಳ್ಳುತ್ತ ನಿಂತೆ.

ಹಾಗೆ ತಾನು ಹೇಳಲೇ ಇಲ್ಲ, ಅಂದು ನಾವು ಚಹಾಕ್ಕೆ ನಿಂತೇ ಇರಲಿಲ್ಲ ಎನ್ನುತ್ತಾಳೆ ಅವಳು ಈಗ. ಇರಬಹುದು. ಜೋಡಿ ಸಿಕ್ಕು ನಾಯಿ ಗಬ್ಬಾಗಿದೆ. ಯಾರಾದರೂ ಮನೆಗೆ ಬಂದರೆ ಅದನ್ನು ಒಳಕೋಣೆಗೆ ಹಾಕಿ ಬಾಗಿಲು ಮುಚ್ಚುತ್ತಾಳೆ. ಹೊಸಬರ ದನಿ ಕೇಳಿದೊಡನೆ ಅದು ಒಳಗಿನಿಂದ ಬಾಗಿಲು ಕೆರೆಯುತ್ತದೆ. ಬಂದವರು ಕಡಿಯುವ ನಾಯಿ ಇರಬೇಕು ಎಂದುಕೊಂಡು ಲಗೂನೆ ಎದ್ದು ಹೋಗುತ್ತಾರೆ.