ಮದ್ರಾಸ್ ರಸ್ತೆಯ ತಿರುವಿನಲ್ಲಿ ಉಳಿದ ಜಾಗ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಮುಳಬಾಗಿಲಿನ ಹೊರಗೆ ಮದ್ರಾಸ್ ರಸ್ತೆಯ ತಿರುವೊಂದನ್ನು ನೇರ ಮಾಡಿದರು. ಹಳೆಯ ತಿರುವಿಗೂ ಹೊಸ ರಸ್ತೆಗೂ ನಡುವೆ ಹೋಳಿನಂಥ ಜಾಗ ಉಳಿಯಿತು. ಅಲ್ಲಿ ಜಾಲಿ ಬೆಳೆಯಿತು. ಲಾರಿಯವರು ಹರಿದ ಟೈರು ಎಸೆದರು. ಸುತ್ತಲ ಹಳ್ಳಿಯ ಹೆಂಗಸರು ತರಕಾರಿ ಮಂಕರಿ ಇಟ್ಟುಕೊಂಡು ಕೋಲಾರದ ಬಸ್ಸಿಗಾಗಿ ಅಲ್ಲೇ ಬಿಸಿಲಲ್ಲಿ ಕಾಯುತ್ತಿದ್ದರು.

ನಾನು ಆಗಷ್ಟೇ ಬೆಂಗಳೂರಿನಲ್ಲಿ ಆರ್ಕಿಟೆಕ್ಚರ್ ಓದು ಮುಗಿಸಿ ಊರಿಗೆ ಬಂದಿದ್ದೆ. ಮೊದಲು ಬರೆದದ್ದು ಆ ಜಾಗದ ಪ್ಲಾನು. ಧೂಳು ತಡೆಯಲು ಚಪ್ಪಡಿ ಕಲ್ಲಿನ ಮೋಟುಗೋಡೆ, ಕಲ್ಲುಕಂಬದ ಮೇಲೊಂದು ಚಾವಣಿ, ಮಂಕರಿಯನ್ನು ತಲೆಯಿಂದ ನೇರ ಇಳಿಸುವಷ್ಟು ಎತ್ತರದ ಕಟ್ಟೆ. ಹುರುಳಿಕಾಯಿ ಮಾರುವ ಒಬ್ಬ ಅಜ್ಜಿಯನ್ನು ನಿಲ್ಲಿಸಿ ಕಟ್ಟೆಯ ಅಳತೆ ಹಿಡಿದೆ.

"ನನ್ನಳತೆಗೆ ಕಟ್ತೀಯಾ ಅಮ್ಮಣ್ಣಿ? ರವಿಕೆ ಹೊಲಿಸ್ದಂಗಾಯ್ತು" ಎಂದು ನಕ್ಕಳು.

ರಸ್ತೆ ಇಲಾಖೆಯ ಕಚೇರಿಯವರು "ಕಟ್ಕೊಳ್ಳಿ" ಅಂದರು. ಊರವರು ಕಲ್ಲು ಕೊಟ್ಟರು. ಹೆಂಗಸರು ಹೊಂಗೆ ಸಸಿ ನೆಟ್ಟು ಬಿಂದಿಗೆಯಲ್ಲಿ ನೀರು ಹೊತ್ತರು. ಒಂದು ಬೇಸಿಗೆ ಅವರೆಲ್ಲ ಅಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡು ಹರಟುವುದನ್ನು ನೋಡಿ ನನಗೆ ಎದೆ ತುಂಬಿಬರುತ್ತಿತ್ತು.

ಮಾರನೆಯ ವರ್ಷ ರಸ್ತೆ ಅಗಲ ಮಾಡಲು ಬುಲ್ಡೋಜರ್ ಬಂತು. ನಾನು ಪ್ಲಾನು ಹಿಡಿದು ಓಡಿದೆ. ಎಂಜಿನಿಯರು ಅದನ್ನು ಬಿಚ್ಚಿ ನೋಡಿದರು.

"ಚೆನ್ನಾಗಿದೆ ಮೇಡಂ. ಆದ್ರೆ ಇದು ರೋಡಿನ ಜಾಗ. ಉಳಿದಿರೋದಲ್ಲ, ಅಗಲ ಮಾಡೋಕೇಂತ ಬಿಟ್ಟಿದ್ದು."

ಮಧ್ಯಾಹ್ನದೊಳಗೆ ಕಂಬಗಳು ಮಣ್ಣಿನಡಿ ಹೋದವು. ಬಸ್ಸು ಈಗ ಆಚೆ ಬದಿಯಲ್ಲಿ ನಿಲ್ಲತೊಡಗಿತು. ಹೆಂಗಸರು ಮಂಕರಿ ಹೊತ್ತೇ ರಸ್ತೆ ದಾಟಬೇಕಾಯಿತು. ಮಳೆಗಾಲದ ಒಂದು ಬೆಳಿಗ್ಗೆ ಆ ಅಜ್ಜಿಗೆ ಲಾರಿ ತಗುಲಿತು.

ಕೋಲಾರದ ಆಸ್ಪತ್ರೆಗೆ ಹೋಗಿ ನೋಡಿದೆ. ಸೊಂಟ ಮುರಿದಿತ್ತು. ಮಂಚದ ಪಕ್ಕ ಕೂತು ಅತ್ತುಬಿಟ್ಟೆ. ಅವಳೇ ನನ್ನ ಕೈ ಹಿಡಿದಳು.

"ಯಾಕಳ್ತೀಯಾ? ಒಂದು ಬ್ಯಾಸ್ಗೆ ನೆಳ್ಳಾಗೆ ಕೂತಿದ್ವಲ್ಲ, ಸಾಕು ಬಿಡು."

ಸಾಕು ಎಂಬ ಮಾತನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಅವಳು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅವಳು ಮತ್ತೆ ನಡೆಯಲಿಲ್ಲ. ಸೊಸೆ ಮಂಕರಿ ಹೊರತೊಡಗಿದಳು, ಅದೇ ರಸ್ತೆ ದಾಟಿ. ಆಮೇಲೆ ನಾನು ಕೋಲಾರದಲ್ಲಿ ಕೂತು ಉಳ್ಳವರ ಮನೆಗಳ ಪ್ಲಾನು ಬರೆದೆ. ಬಂದವರೆಲ್ಲ ಮೊದಲು ಕೇಳುತ್ತಿದ್ದುದು ಎತ್ತರದ ಕಾಂಪೌಂಡು. ಕೇಳಿದಷ್ಟು ಎತ್ತರಕ್ಕೆ ಬರೆದುಕೊಟ್ಟೆ.