ಭಟ್ಟಿ ಖಾಲಾ ಮತ್ತು ಸಾಹೇಬರ ಕಂದಾಯ

ನಮ್ಮ ಪಕ್ಕದ ಮನೆಯ ಭಟ್ಟಿ ಖಾಲಾಳಿಗೆ ಹುಬ್ಬುಗಳೇ ಇರಲಿಲ್ಲ. ಭಟ್ಟಿಯಲ್ಲಿ, ಭತ್ತದ ಹೊಟ್ಟಿನ ಬೆಂಕಿಯ ಮುಂದೆ ಕೂತು ಮಂಡಕ್ಕಿ ಹುರಿದೂ ಹುರಿದೂ ಅವು ಸುಟ್ಟುಹೋಗಿದ್ದವು. ಹೊಸಬರು ನೋಡಿದರೆ ಈಕೆ ಯಾವಾಗಲೂ ಬೆರಗಾಗಿದ್ದಾಳೆ ಅಂದುಕೊಳ್ಳಬೇಕು. ಆದರೆ ಆಕೆಗೆ ಬರುತ್ತಿದ್ದದ್ದು ಹೆಚ್ಚಾಗಿ ಸಿಟ್ಟು.

ಮೊಮ್ಮಕ್ಕಳೇ, ಕೊಕ್ಕನೂರಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಓದಿ, ಮದುವೆಯಾಗಿ ದಾವಣಗೆರೆಗೆ ಬಂದವಳು ನಾನು. ಬಾಗಿಲಿಗೆ ಬಂದ ಗಂಡಸರ ಮುಂದೆ ನನಗೆ ಮಾತೇ ಹೊರಡುತ್ತಿರಲಿಲ್ಲ. ಖಾಲಾ ಅಂದರೆ ಅವರ ಭಾಷೆಯಲ್ಲಿ ಚಿಕ್ಕಮ್ಮ. ಗೋಡೆಯಾಚೆಯಿಂದ "ಬೇಟಿ, ಮೊರ ತಾ" ಎಂದು ಕೂಗಿ ಬಿಸಿ ಮಂಡಕ್ಕಿ ಸುರಿಯುತ್ತಿದ್ದಳು. ಉಪ್ಪು ಸಾಲದು ಅಂದರೆ, "ನಿನ್ನ ನಾಲಿಗಿಗೆ ಬ್ಯಾರೆ ಭಟ್ಟಿ ಹಾಕ್ಲೇನು?" ಎಂದು ರೇಗುತ್ತಿದ್ದಳು. ನನ್ನ ಮೊದಲ ಬಾಣಂತನದಲ್ಲಿ ಭಟ್ಟಿಯ ಬಿಸಿ ಮರಳನ್ನು ಬಟ್ಟೆಯಲ್ಲಿ ಕಟ್ಟಿ ಸೊಂಟಕ್ಕೆ ಶಾಖ ಕೊಟ್ಟವಳೂ ಆಕೆಯೇ.

ಹರಿಹರದಲ್ಲಿ ಕಾರ್ಖಾನೆ ಏಳುತ್ತಿದ್ದ ಕಾಲ ಅದು. ಅಲ್ಲಿಗೆ ಬಂದುಹೋಗುತ್ತಿದ್ದ ಒಬ್ಬ ಶ್ರೀಮಂತ ವಿಲಾಯಿತಿ ಸಾಹೇಬನನ್ನು ನಮ್ಮೂರಲ್ಲೇ ನೆಲೆ ನಿಲ್ಲಿಸಬೇಕೆಂಬ ಹುಚ್ಚು ದೊಡ್ಡವರಿಗೆಲ್ಲ ಹಿಡಿಯಿತು. ಅವನು ಬಂಗಲೆ ಕಟ್ಟಿಸಿದರೆ ಮನೆ ಕಂದಾಯ ಮಾಫಿ, ನೀರಿನ ಕಂದಾಯ ಮಾಫಿ, ಹೊರಗಿಂದ ತರಿಸುವ ಸಾಮಾನಿನ ಸುಂಕವೂ ಮಾಫಿ! ನಮ್ಮ ಓಣಿಯ ಮುನಿಸಿಪಾಲಿಟಿ ಮೆಂಬರು ಇದನ್ನು ಭಾಷಣದಲ್ಲಿ ಹೇಳಿದಾಗ ಜನ ಚಪ್ಪಾಳೆ ತಟ್ಟಿದರು. ಅಂಥ ನಾಲ್ಕು ಮಂದಿ ಬಂದರೆ ಊರು ಉದ್ಧಾರವಾಗುತ್ತದಂತೆ. ಆ ಉದ್ಧಾರದ ಖರ್ಚು ಯಾರ ತಲೆಯ ಮೇಲೆ ಎಂದು ಒಬ್ಬರೂ ಕೇಳಲಿಲ್ಲ. ಅದೇ ವರ್ಷ ಮಂಡಕ್ಕಿ ಭಟ್ಟಿಗಳ ಕಂದಾಯ ಏರಿತು.

ಖಾಲಾ ಗಂಡನಿಲ್ಲದವಳು, ಕಟ್ಟುವುದು ತಡವಾಯಿತು. ಒಂದು ಬೆಳಗ್ಗೆ ಕಂದಾಯದವರು ಬಂದು ಅವಳ ಕಬ್ಬಿಣದ ದೊಡ್ಡ ಬಾಣಲೆಯನ್ನು ಜಪ್ತಿ ಮಾಡಿ ಹೊತ್ತುಕೊಂಡು ಹೋದರು. ಹಂಡೆಗಳಲ್ಲಿ ಭತ್ತ ನೆನೆದಿತ್ತು. ನೆನೆದ ಭತ್ತ ಬೇಗ ಬಾಣಲೆಗೆ ಬೀಳದಿದ್ದರೆ ಹುಳಿ ಹಿಡಿಯುತ್ತದೆ. ಆಕೆಯ ಬಳಿ ಇದ್ದದ್ದೇ ಅಷ್ಟು ಭತ್ತ. ಅದು ಕೆಟ್ಟರೆ ಭಟ್ಟಿಯೇ ಮುಳುಗಿದಂತೆ.

ಮರುದಿನ ಏನೂ ತಿಳಿಯದ ಮೆಂಬರು ನಗುನಗುತ್ತಾ ಬಂದ.

"ಖಾಲಾ, ನಾಡಿದ್ದು ಸಾಹೇಬ್ರಿಗೆ ಸನ್ಮಾನ ಐತೆ. ಮಂಡಕ್ಕಿ-ಮಿರ್ಚಿ ತಿನ್ನಿಸ್ಬೇಕು. ನಾಕು ಮೂಟಿ ಹುರಿ."

"ಬಾಣ್ಲಿ ನಿಮ್ಮ ಕಂದಾಯದ ಆಫೀಸ್ನಾಗ ಐತೆ. ಅಲ್ಲೇ ಒಲಿ ಹೂಡ್ರಿ."

ಮೆಂಬರು ಪೆಚ್ಚಾದ. "ಅಷ್ಟೇನಾ? ಸಂಜಿ ಒಳಗ ವಾಪಸ್ ಕಳಿಸ್ತೀನಿ. ನೀನು ಹುರಿದು ಕೊಡು, ಕಂದಾಯ ಆಮ್ಯಾಲೆ ನೋಡಾಣ."

"ಸಾಹೇಬ್ರು ತಿಂತಾರ ಅಂದ್ರ ಬಾಣ್ಲಿ ಬರ್ತೈತೆ. ನಾನು ಉಣ್ಬೇಕು ಅಂದ್ರ ಬರಲ್ಲ, ಹೌದಿಲ್ರಿ? ನನ್ನ ಭತ್ತ ಕೊಳೀಲಿ. ಅವ್ರಿಗೆ ಹುರಿಯಲ್ಲ."

"ಊರ ಮರ್ಯಾದಿ ಪ್ರಶ್ನೆ ಖಾಲಾ!"

"ನಾನೇನು ಊರ ಹೊರಗ ಅದೀನಾ?"

ಅವನು ಹೋದ ಮೇಲೆ ನಿಮ್ಮ ಅಜ್ಜ, "ಒಪ್ಕೊಳ್ರಿ ಖಾಲಾ, ಭತ್ತಾನರ ಉಳೀತೈತೆ" ಎಂದರು. ಆಕೆ ಒಪ್ಪಲಿಲ್ಲ. ಸನ್ಮಾನದ ದಿನದ ಹೊತ್ತಿಗೆ ಹುಳಿ ವಾಸನೆ ಓಣಿಗೆಲ್ಲ ಹಬ್ಬಿತ್ತು. ಪೇಟೆಯ ಕಡೆಯಿಂದ ಬ್ಯಾಂಡಿನ ಸದ್ದು ಕೇಳುತ್ತಿರುವಾಗ ಖಾಲಾ ಆ ಭತ್ತವನ್ನು ಎಮ್ಮೆಗಳ ಮುಂದೆ ಸುರಿದಳು. ಆಕೆ ಅಳಲಿಲ್ಲ. ಅತ್ತವಳು ನಾನು.

ಬೆಳ್ಳಿ ಬಳೆ ಮಾರಿ ಕಂದಾಯ, ದಂಡ ಎರಡನ್ನೂ ಕಟ್ಟಿ ಬಾಣಲೆ ಬಿಡಿಸಿಕೊಂಡಳು. ಹೊಸ ಭತ್ತ ಕೊಳ್ಳಲು ಏನೂ ಉಳಿಯದೆ ಒಂದು ವರ್ಷ ಬೇರೆಯವರ ಭಟ್ಟಿಯಲ್ಲಿ ಕೂಲಿ ಮಾಡಿದಳು. ಸಾಹೇಬ ಬಂಗಲೆ ಕಟ್ಟಿಸಿ, ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಸಾಕಾಗಿ ತನ್ನ ದೇಶಕ್ಕೆ ಹೋದ. ಬಂಗಲೆ ಮೆಂಬರನ ಅಳಿಯನ ಕೈಗೆ ಬಂತು. ಮಾಫಿ ಮಾತ್ರ ಹಾಗೇ ಉಳಿಯಿತು! ಬರೆಯುವಾಗ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಆಮೇಲೆ ಮತ್ತೆ ತನ್ನ ಭಟ್ಟಿ ಹಚ್ಚಿದ ಖಾಲಾ ಕಂದಾಯ ತಪ್ಪಿಸಲಿಲ್ಲ. ಪ್ರತಿ ಸಲ ಕಂದಾಯದ ಆಫೀಸಿನಲ್ಲಿ ದುಡ್ಡು ಕೊಟ್ಟು, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ "ಬಂಗ್ಲೇದು ಬಂತೇನ್ರಿ?" ಎನ್ನುತ್ತಿದ್ದಳು. ಗುಮಾಸ್ತ ಮುಂದಿನವರನ್ನು ಕರೆಯುತ್ತಿದ್ದ.

ಹೊಗೆ ಕುಡಿದ ಎದೆ ಕೊನೆಗೆ ಸೋತು ಆಕೆ ತೀರಿಕೊಂಡಳು. ಅದೇ ವರ್ಷ ನಿಮ್ಮ ಅಜ್ಜನೂ ಹೋದರು. ಮನೆ ಕಂದಾಯ ಕಟ್ಟಲು ಮೊದಲ ಸಲ ನಾನೇ ಹೋಗಬೇಕಾಯಿತು. ಸೆರಗು ಹೊದ್ದು, ಹಣ ಕೊಟ್ಟು, ರಸೀದಿ ತೆಗೆದುಕೊಂಡೆ. ಹಿಂದಿದ್ದ ಯಾರೋ "ಪಕ್ಕಕ್ಕೆ ಸರೀರಮ್ಮಾ" ಎಂದರು. ನಾನು ಸರಿಯಲಿಲ್ಲ.

"ಬಂಗ್ಲೇದು ಬಂತೇನ್ರಿ?" ಎಂದು ಕೇಳಿದೆ.